ಅರಳು ಮರಳಿನ ಆರೈಕೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವೆಲ್ಲ ನಗುನಗುತ್ತಲೇ ಆಡುತ್ತೇವೆ. ಬೇಂದ್ರೆಯವರು ಇದೇ ಮಾತನ್ನು ತಮ್ಮ ಕವನಸಂಕಲನಕ್ಕೆ ಹೆಸರಾಗಿರಿಸಿದರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಬುದ್ಧಿಯ ಭ್ರಮಣೆಯನ್ನು ಹೇಳುವ ನುಡಿಯೊಳಗೆ ಮರಳಿ ಅರಳುವ ಹಾರೈಕೆಯನ್ನೂ ಕಾಣಬಹುದೆಂದು ತರಗತಿಯಲ್ಲಿ ವಿವರಿಸುವಾಗ ನನಗೊಂದು ಹಿಗ್ಗು. ಆದರೆ ಗಾದೆಯ ನಗೆಯಾಗಲಿ ಶ್ಲೇಷೆಯ ಸೊಗಸಾಗಲಿ ಮುಟ್ಟಲಾರದ ಮರೆವೊಂದುಂಟು. ಮುಪ್ಪಿನ ಜೊತೆಗೆ ಬರುವುದಾದರೂ ಅದು ಮುಪ್ಪಿನ ಸಹಜಗುಣವಲ್ಲ, ಮಿದುಳಿನ ರೋಗ.

ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 1901ರಲ್ಲಿ ಐವತ್ತೊಂದು ವರ್ಷದ ಹೆಣ್ಣುಮಗಳೊಬ್ಬಳು ಬಂದಳು. ಆಕೆಯ ನೆನಪು, ಮಾತು, ವಿವೇಕಗಳು ಒಂದೊಂದಾಗಿ ಸೋರಿಹೋಗುತ್ತಿದ್ದವು. ಅವಳನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್ಜೈಮರ್, ಅವಳು ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, 1906ರಲ್ಲಿ ವೈದ್ಯರ ಸಭೆಯ ಮುಂದೆ ತಾನು ಕಂಡುದನ್ನು ವಿವರಿಸಿದನು. 1910ರಲ್ಲಿ ರೋಗಕ್ಕೆ ಅವನ ಹೆಸರೇ ನಿಂತಿತು. ಡಿಮೆನ್ಷಿಯಾ ಎಂದು ಕರೆಯುವ ಬುದ್ಧಿಕ್ಷಯದ ಬಗೆಗಳಲ್ಲಿ ಇದೇ ಹೆಚ್ಚಿನದು.

ಇದು ಪಟ್ಟಣದವರ ಬೇನೆಯೆಂದು ನಮ್ಮ ಹಳ್ಳಿಗಳು ಭಾವಿಸಿವೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ಹೇಳುತ್ತದೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಅದರ ಅಂದಾಜು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಬೆಲ್ಲದ ಬಾಗೇವಾಡಿಯ ನಮ್ಮ ಮನೆತನದಲ್ಲಿಯೂ ಅದನ್ನು ಕಾಣುತ್ತಿದ್ದೇನೆ. ನನ್ನ ದೊಡ್ಡವ್ವನಿಗೆ ಈಗ ಮೊಮ್ಮಕ್ಕಳ ಹೆಸರು ನೆನಪಿಲ್ಲ. ಆದರೆ ಹಿಟ್ಟಿನ ಪರಾತವನ್ನು ಮುಂದಿಟ್ಟರೆ ಕೈ ತಾನಾಗಿ ರೊಟ್ಟಿ ಬಡಿಯುತ್ತದೆ. ದೀಪ ಹಚ್ಚುವ ಹೊತ್ತಾದರೆ ಸಾಕು, ಸೊಸೆಯನ್ನು ಕರೆದು, “ಯವ್ವಾ, ನೀ ಯಾರ ಮಗಳೋ ಏನೋ, ಹೊತ್ತಾತು, ನನ್ನ ಮನೀಗೆ ಕಳಿಸಿಕೊಡು” ಎಂದು ಬೇಡುತ್ತಾಳೆ. ಅವಳು ಕುಳಿತಿರುವುದು ಐವತ್ತು ವರ್ಷ ಬಾಳಿದ ಮನೆಯಲ್ಲಿಯೇ. ನನ್ನ ವೈನಿ ವಾದಿಸುವುದಿಲ್ಲ. “ಹೂಂ ಅತ್ತಿ, ಚಾ ಕುಡದು ಹೋಗೂನಂತ” ಎನ್ನುತ್ತಾಳೆ. ಚಹಾ ಮುಗಿಯುವಷ್ಟರಲ್ಲಿ ಹೋಗುವ ಮಾತೂ ಮರೆತಿರುತ್ತದೆ.

ವೈನಿಗೆ ಇದನ್ನು ಯಾರೂ ಕಲಿಸಲಿಲ್ಲ. ತರಬೇತಿಯಾದ ಶುಶ್ರೂಷಕರು ಕಲಿಯುವುದೂ ಇದನ್ನೇ: ತಿದ್ದಬೇಡ, ಗದರಬೇಡ, ಅವರ ಅಳಲನ್ನು ಒಪ್ಪಿಕೊಂಡು ಮೆಲ್ಲಗೆ ಬೇರೆಡೆಗೆ ತಿರುಗಿಸು. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಇಂಥವರಿಗಾಗಿಯೇ ಕೇಂದ್ರವೊಂದನ್ನು ತೆರೆಯಿತು. ಒಳ್ಳೆಯ ಆರೈಕೆಯ ಮರ್ಮಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ: ಊಟ, ಸ್ನಾನ, ನಿದ್ದೆಗಳಿಗೆ ನಿತ್ಯವೂ ಅದೇ ಹೊತ್ತು, ಕೋಣೆಯ ಬಾಗಿಲಿಗೆ ಪರಿಚಿತ ಚಿತ್ರ, ನಿರ್ಭಯವಾಗಿ ಅಡ್ಡಾಡಲು ತೆರಪು, ಕಿವಿಗೆ ಎಳೆಯ ವಯಸ್ಸಿನ ಹಾಡು, ಕೈಗೆ ಬಲ್ಲ ಕೆಲಸ.

ನೆದರ್ಲೆಂಡ್ಸಿನ ವೇಸ್ಪ್ ಎಂಬಲ್ಲಿ 2009ರಲ್ಲಿ ಹೋಗೆವೈಕ್ ಎಂಬ ಕೇರಿಯನ್ನೇ ಇದಕ್ಕಾಗಿ ಕಟ್ಟಿದರು. ಒಂದೊಂದು ಮನೆಯಲ್ಲಿ ಆರೇಳು ಜನ. ನಡುವೆ ಅಂಗಡಿ, ಚಹಾದ ತಾಣ, ಓಣಿ. ದಾರಿ ತಪ್ಪಿದರೂ ಕೈಹಿಡಿದು ಕರೆತರುವವರಿದ್ದಾರೆ. ಅದನ್ನು ಓದಿದಾಗ ನನಗೆ ನಮ್ಮ ಓಣಿಯೇ ಕಣ್ಮುಂದೆ ನಿಂತಿತು. ಅವರು ಅಪಾರ ಹಣ ಸುರಿದು ಕಟ್ಟಿದ ಪರಿಚಿತ ಮುಖಗಳ ಓಣಿ ನಮಗೆ ಹಿರಿಯರಿಂದಲೇ ಬಂದಿದೆ. ನಮಗಿಲ್ಲದ್ದು ಎರಡು: ರೋಗದ ತಿಳಿವಳಿಕೆ, ಸೊಸೆಗೆ ಬಿಡುವು.

ತಿಳಿವಳಿಕೆ ಎಷ್ಟು ಮುಖ್ಯವೆಂದರೆ, ಬಿ-12 ಜೀವಸತ್ವದ ಕೊರತೆ, ಥೈರಾಯ್ಡಿನ ತೊಂದರೆ, ಮನದ ಖಿನ್ನತೆಗಳೂ ಮರೆವಿನ ವೇಷದಲ್ಲಿ ಬರುತ್ತವೆ, ಅವಕ್ಕೆ ಮದ್ದಿದೆ. ‘ವಯಸ್ಸಾಯಿತು’ ಎಂದು ಕೈಚೆಲ್ಲಿದವರು ಗುಣವಾಗಬಹುದಾದುದನ್ನೂ ಕಳೆದುಕೊಳ್ಳುತ್ತಾರೆ. ಬಿಡುವಿನ ಮಾತಂತೂ ಯಾರ ಬಾಯಲ್ಲೂ ಇಲ್ಲ. 2007ರ ಕಾಯಿದೆ ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಮೇಲೆ ಹೊರಿಸಿದೆ. ನಿರ್ಗತಿಕ ವೃದ್ಧರಿಗೆ ಜಿಲ್ಲೆಗೊಂದಾದರೂ ಆಶ್ರಯಧಾಮ ಇರಲೆಂದೂ ಹೇಳಿದೆ. ಆದರೆ ಹಗಲಿರುಳು ಎಚ್ಚರವಿರುವ ಹೆಣ್ಣುಮಗಳಿಗೆ ಒಂದು ರಾತ್ರಿಯ ನಿದ್ದೆಯನ್ನು ಯಾವ ಕಾಯಿದೆ ಕೊಟ್ಟೀತು?

ಹಿರಿಯರನ್ನು ಆರೈಕೆಕೇಂದ್ರಕ್ಕೆ ಸೇರಿಸಿದವರನ್ನು ಊರು ಹಂಗಿಸುತ್ತದೆ. ಹಂಗಿಸುವವರಲ್ಲಿ ಎಷ್ಟು ಜನ ಒಂದು ಮಧ್ಯಾಹ್ನ ಬಂದು ಮುದುಕಿಯ ಬಳಿ ಕುಳಿತಿದ್ದಾರೆ? ಮನೆಯಲ್ಲಿ ಸಾಗದಾದಾಗ ಬಲ್ಲವರ ಕೈಗೆ ಒಪ್ಪಿಸುವುದು ಪ್ರೀತಿಯ ಕೊರತೆಯೆಂದು ನಾನು ತಿಳಿಯಲಾರೆ. ಅದಕ್ಕೆ ಮುಂಚೆ ಓಣಿ ಮಾಡಬಹುದಾದ್ದು ಬಹಳವಿದೆ. ವಾರಕ್ಕೆರಡು ದಿನ ಶಾಲೆಯ ಪಡಸಾಲೆಯಲ್ಲೋ ಗುಡಿಯ ಕಟ್ಟೆಯಲ್ಲೋ ಇಂಥ ಹಿರಿಯರನ್ನು ಕೂಡಿಸಿ ಹಾಡು ಕೇಳಿಸಿದರೆ, ಕಾಳು ಆರಿಸಲು ಕೊಟ್ಟರೆ, ಅಷ್ಟು ಹೊತ್ತು ಮನೆಯಾಕೆ ಮಲಗಿಯಾಳು. ನಮ್ಮ ಕಾಲೇಜುಗಳ ತರುಣರಿಗೆ ಇದು ಹೊರೆಯಾಗದು.

ಗಾಣದ ಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಮುಂದೆ ಒಬ್ಬನನ್ನೇ ಇಡೀ ರಾತ್ರಿ ನಿಲ್ಲಿಸುವುದಿಲ್ಲ. ಪಾಳಿಯ ಮೇಲೆ ನಿಲ್ಲುತ್ತಾರೆ. ಹೆಸರಿನಲ್ಲಿಯೇ ಬೆಲ್ಲವಿರುವ ಊರಿಗೆ ಈ ಪಾಳಿಯ ನ್ಯಾಯವನ್ನು ಬೇರೆ ಯಾರು ಕಲಿಸಬೇಕು?