ಗುಡ್ಡದ ಸೈಕಲ್ಲಿಗೆ ಗಟ್ಟಿ ಗಾಲಿ ಯಾವುದು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಚಿಕ್ಕೋಡಿ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಕಡೆ ಹೊರಟರೂ ಕಾರ್ಖಾನೆಗೆ ಹೊರಟ ಕಬ್ಬಿನ ಸಾಲು. ಅವುಗಳ ಭಾರಕ್ಕೆ ಡಾಂಬರು ಕಿತ್ತು ಕಲ್ಲು ಮೇಲೆ ಬರುತ್ತದೆ. ಹೊಲದ ದಾರಿಯಲ್ಲಂತೂ ಗಾಲಿ ಹಾದಲ್ಲೆಲ್ಲ ಹಳ್ಳ. ಇಂಥ ದಾರಿಯಲ್ಲೇ ನಮ್ಮ ಮಕ್ಕಳು ಸೈಕಲ್ ತುಳಿದು ಹೈಸ್ಕೂಲಿಗೆ ಹೋಗಬೇಕು.

ನನ್ನ ಮೊಮ್ಮಗ ಒಂಬತ್ತನೇ ತರಗತಿ. ದಪ್ಪ ಟೈರಿನ ಗೇರ್ ಸೈಕಲ್ ಬೇಕೆಂದು ಹಟ ಹಿಡಿದು ಕೊಡಿಸಿಕೊಂಡಿದ್ದ. ಒಂದು ಭಾನುವಾರ ಅವನ ಸೈಕಲ್ ಒರೆಸುತ್ತಿದ್ದಾಗ ನೋಡಿದೆ, ಮುಂದಿನ ಬ್ರೇಕಿನ ತಂತಿ ಬಿಚ್ಚಿ ಜೋತು ಬಿದ್ದಿದೆ!

"ಯಾಕೋ ತಮ್ಮಾ, ಮುಂದಿನ ಬ್ರೇಕ್ ಬಿಚ್ಚಿಬಿಟ್ಟೀಯಲ್ಲಾ?"

ತಲೆ ತಗ್ಗಿಸಿ ನಿಂತ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. "ಗಾಲಿ ಡೊಂಕ ಆಗೇತಿ ಅಜ್ಜಾ. ಬ್ರೇಕ್ ರಬ್ಬರಿಗೆ ತಿಕ್ಕಾಕತ್ತಿತ್ತು. ಬಿಚ್ಚಿದ್ರ ಸಲೀಸ ಹೋಗತೈತಿ. ಅಪ್ಪ ಬೈತಾನ ಅಂತ ಹೇಳಲಿಲ್ಲ."

ನನ್ನ ಎದೆ ಧಸಕ್ಕೆಂದಿತು. ಶಾಲೆಯ ದಾರಿಯಲ್ಲಿ ಒಂದು ಗುಡ್ಡದ ಇಳಿಜಾರಿದೆ. ಹದಿನೈದು ದಿನದಿಂದ ಹುಡುಗ ಆ ಇಳಿಜಾರನ್ನು ಹಿಂದಿನ ಒಂದೇ ಬ್ರೇಕಿನ ಮೇಲೆ ಇಳಿಯುತ್ತಿದ್ದ. ಬೈಗುಳದ ಅಂಜಿಕೆ ಬೀಳುವ ಅಂಜಿಕೆಗಿಂತ ದೊಡ್ಡದಾಗಿತ್ತು. ಅಂದೇ ಇಬ್ಬರೂ ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೊರಟೆವು.

ಬಂಡಿಯ ಗಾಲಿ, ಸೈಕಲ್ಲಿನ ಗಾಲಿ

ದಾರಿಯಲ್ಲಿ ಅವನ ಪ್ರಶ್ನೆ: "ಎತ್ತಿನ ಬಂಡಿ ಗಾಲಿ ಎಷ್ಟ ಭಾರ ಹೊತ್ರೂ ಡೊಂಕ ಆಗೂದಿಲ್ಲ, ನನ್ನ ಗಾಲಿ ಯಾಕ ಆಯ್ತು?"

ಒಳ್ಳೆಯ ಪ್ರಶ್ನೆಯೇ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂಡಿಗಳ ಸಾಲು ಬರುವುದನ್ನು ನೋಡಿದವರಿಗೆ ಆ ಗಾಲಿಯ ಗಟ್ಟಿತನ ಗೊತ್ತು. ನಾನು ಸಣ್ಣವನಿದ್ದಾಗ ಗಾಲಿಗೆ ಹಳಿ ಏರಿಸುವುದನ್ನು ನೋಡಲು ಓಡುತ್ತಿದ್ದೆವು. ಕಬ್ಬಿಣದ ಹಳಿಯನ್ನು ಕಟ್ಟಿಗೆಯ ಗಾಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡುತ್ತಿದ್ದರು. ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ. ಆಗ ಗಾಲಿಗೆ ತೊಡಿಸಿ ನೀರು ಹೊಯ್ದರೆ ಚುಂಯ್ ಎಂದು ಕುಗ್ಗಿ, ಕಟ್ಟಿಗೆಯನ್ನೆಲ್ಲ ಅವುಚಿ ಹಿಡಿಯುತ್ತದೆ. ಅಲ್ಲಿ ಬಂಡಿಯ ಭಾರ ಅಚ್ಚಿನಿಂದ ಕೆಳಗಿನ ಕಟ್ಟಿಗೆಯ ಅರಗಳ ಮೇಲೆ ಬೀಳುತ್ತದೆ. ಕಂಬ ಮಾಳಿಗೆಯನ್ನು ಹೊತ್ತಂತೆ ಅವು ಭಾರ ಹೊರುತ್ತವೆ.

ಸೈಕಲ್ಲಿನ ಕಡ್ಡಿಗಳ ಕೆಲಸ ತೀರ ಬೇರೆ. ಸ್ಪೋಕ್ ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ. ಎರಡು ತುದಿ ಹಿಡಿದು ಒತ್ತಿದರೆ ಕಸಬರಿಗೆ ಕಡ್ಡಿಯಂತೆ ಬಾಗುತ್ತದೆ. ಆದರೆ ಎಳೆದರೆ? ಜಗ್ಗುವುದಿಲ್ಲ. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು, ನಡುವಿನ ಹಬ್‌ನಿಂದ ಸುತ್ತಲಿನ ರಿಮ್ಮನ್ನು ಎಲ್ಲ ದಿಕ್ಕಿಗೂ ಜಗ್ಗಿ ಹಿಡಿದಿರುತ್ತಾರೆ. ಕಂಬ ಬೀಳದಂತೆ ನಾಲ್ಕೂ ಕಡೆ ಹಗ್ಗ ಕಟ್ಟುತ್ತೇವಲ್ಲ, ಹಾಗೆ. ನಾವು ಸೈಕಲ್ ಮೇಲೆ ಕುಳಿತಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ ತುಸು ಇಳಿಯುತ್ತದೆ, ಅಷ್ಟೇ. ಮೊದಲೇ ಸಡಿಲವಾಗಿದ್ದರೆ ಆ ಜಾಗದಲ್ಲಿ ರಿಮ್ಮಿಗೆ ಆಸರೆಯೇ ಇಲ್ಲ. ಆಗ ಕಲ್ಲಿಗೆ ಒಮ್ಮೆ ಬಡಿದರೂ ಸಾಕು, ಡೊಂಕು.

ಎಳೆತದ ಮೇಲೆ ನಿಲ್ಲುವ ಗಾಲಿಯ ಚಿತ್ರವನ್ನು 1808ರಲ್ಲೇ ಇಂಗ್ಲೆಂಡಿನ ಜಾರ್ಜ್ ಕೇಲಿ ಬರೆದಿಟ್ಟಿದ್ದ. ಅವನು ಯೋಚಿಸಿದ್ದು ಹಾರುವ ಯಂತ್ರಕ್ಕೆ ಹಗುರ ಗಾಲಿ ಬೇಕೆಂದು! 1870ರಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ತಂತಿ ಕಡ್ಡಿಯ ಸೈಕಲ್ಲಿಗೆ ಪೇಟೆಂಟ್ ಪಡೆದರು. 1874ರಲ್ಲಿ ಸ್ಟಾರ್ಲಿ, ಕಡ್ಡಿಗಳನ್ನು ಓರೆಯಾಗಿ ಹೆಣೆಯುವ ಕ್ರಮ ತಂದ. ನಿಮ್ಮ ಸೈಕಲ್ಲಿನ ಕಡ್ಡಿಗಳು ಒಂದರ ಮೇಲೊಂದು ಹಾಯ್ದಿರುವುದನ್ನು ನೋಡಿ, ಅದೇ ಹೆಣಿಗೆ.

ಗುಡ್ಡದಲ್ಲಿ ಹುಟ್ಟಿದ ಸೈಕಲ್

ದಪ್ಪ ಟೈರಿನ ಈ ಸೈಕಲ್ಲಿನ ಕತೆಯೂ ಸ್ವಾರಸ್ಯದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟ್ ಟಾಮಲ್‌ಪೈಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದು ಮಣ್ಣಿನ ದಾರಿಯಲ್ಲಿ ಇಳಿಸತೊಡಗಿದರು. 1976ರಲ್ಲಿ ಇಳಿಜಾರಿನ ಓಟವನ್ನೇ ಏರ್ಪಡಿಸಿದರು. ಇಳಿದು ಬರುವಷ್ಟರಲ್ಲಿ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸ್ ತುಂಬದೆ ಇನ್ನೊಮ್ಮೆ ಇಳಿಯುವಂತಿರಲಿಲ್ಲ. ಅದಕ್ಕೇ ಆ ಓಟಕ್ಕೆ 'ರೀಪ್ಯಾಕ್', ಅಂದರೆ ಮತ್ತೆ ತುಂಬು, ಎಂಬ ಹೆಸರು ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಮೌಂಟನ್ ಬೈಕ್ ಓಟ ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲೊಂದಾಯಿತು.

ನಮ್ಮ ಭಾಗಕ್ಕೂ ಸೈಕಲ್ಲಿಗೂ ಹತ್ತಿರದ ನಂಟು. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು, ನಮ್ಮ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ಸೈಕ್ಲಿಂಗ್‌ಗೆ ಹೆಸರಾದವು. ರೈತರ ಮನೆಯ ಎಷ್ಟೋ ಮಕ್ಕಳು ಅಲ್ಲಿಂದ ಹೊರಟು ರಾಷ್ಟ್ರಮಟ್ಟದಲ್ಲಿ ಓಡಿದ್ದಾರೆ. ನನ್ನ ಮೊಮ್ಮಗನ ಕನಸೂ ಅದೇ. ಕನಸು ದೊಡ್ಡದಿರಲಿ, ಮೊದಲು ಗಾಲಿ ನೆಟ್ಟಗಿರಬೇಕು.

ಮೂರು ಬಗೆಯ ರಿಮ್

ಅಂಗಡಿಯವನು ಗಾಲಿ ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದ. "ಅಜ್ಜಾರ, ಇದನ್ನ ಇನ್ನೊಮ್ಮೆ ಬೆಂಡ್ ತಗದ್ರ ನಾಕ ದಿನ ಓಡತೈತಿ. ಐದನೇ ದಿನ ಮತ್ತ ಹಿಂಗ. ರಿಮ್ ಬದಲ ಮಾಡೂದು ಬರೋಬ್ಬರಿ." ಮೂರು ರಿಮ್ ತಂದು ಮುಂದಿಟ್ಟ.

ಮೊದಲನೆಯದು ಹೊಳೆಯುವ ಉಕ್ಕಿನ ರಿಮ್. ಬೆಲೆ ಕಡಿಮೆ. ಬಗ್ಗಿದರೆ ಬಡಿದು ಸರಿಮಾಡಬಹುದು. ಆದರೆ ಭಾರ, ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಮಳೆಯಲ್ಲಿ ನೆನೆದಾಗ ಅದರ ನುಣುಪು ಮೈ ಮೇಲೆ ಬ್ರೇಕ್ ರಬ್ಬರ್ ಜಾರುತ್ತದೆ. ದೂಧಗಂಗಾ, ವೇದಗಂಗಾ ತುಂಬಿ ಹರಿಯುವ ಮಳೆಗಾಲದಲ್ಲಿ ಇಳಿಜಾರು ಇಳಿಯುವ ಮಕ್ಕಳಿಗೆ ಇದು ತಕ್ಕದ್ದಲ್ಲ.

ಎರಡನೆಯದು ಒಂಟಿ ಗೋಡೆಯ ಅಲ್ಯೂಮಿನಿಯಂ ರಿಮ್. ಒಂದೇ ಗಾತ್ರದ ಉಕ್ಕಿಗೆ ಹೋಲಿಸಿದರೆ ಅಲ್ಯೂಮಿನಿಯಂ ತೂಕ ಸುಮಾರು ಮೂರನೇ ಒಂದು ಭಾಗ. ತುಕ್ಕಿನ ಕಾಟವಿಲ್ಲ, ಒದ್ದೆಯಲ್ಲೂ ಬ್ರೇಕ್ ಉಕ್ಕಿಗಿಂತ ಚೆನ್ನಾಗಿ ಹಿಡಿಯುತ್ತದೆ. ನನ್ನ ಮೊಮ್ಮಗನ ಡೊಂಕು ಗಾಲಿ ಈ ಜಾತಿಯದೇ. ನುಣುಪು ರಸ್ತೆಗೆ ಸಾಕು, ಕಲ್ಲು ದಾರಿಗೆ ಸಾಲದು.

ಮೂರನೆಯದು ಎರಡು ಗೋಡೆಯ ಅಲ್ಯೂಮಿನಿಯಂ ರಿಮ್. ಅಂಗಡಿಯವರು ಇದನ್ನು ಡಬಲ್ ವಾಲ್ ಎನ್ನುತ್ತಾರೆ. ಟೈರ್ ಕೂರುವ ಗೋಡೆ ಒಂದು, ಕಡ್ಡಿ ಹಿಡಿಯುವ ಗೋಡೆ ಇನ್ನೊಂದು, ನಡುವೆ ಟೊಳ್ಳು. ಬೆಲೆ ಹೆಚ್ಚು, ಗಟ್ಟಿತನವೂ ಹೆಚ್ಚು. ಬೆಸುಗೆ ಹಾಕಿದ ಕೀಲು ಇದ್ದರೆ, ಕಡ್ಡಿ ಹಾಯುವ ತೂತುಗಳಿಗೆ ಲೋಹದ ಉಂಗುರ ಕೂಡಿಸಿದ್ದರೆ ಇನ್ನೂ ಒಳ್ಳೆಯದು. ಕಡ್ಡಿಯ ಎಳೆತಕ್ಕೆ ತೂತಿನ ಅಂಚು ಸೀಳುವುದಿಲ್ಲ.

ಕಾರ್ಬನ್ ರಿಮ್ ಎಂಬುದೂ ಇದೆ. ದೊಡ್ಡ ಸ್ಪರ್ಧೆಗಳಲ್ಲಿ ಅದನ್ನು ಬಳಸುತ್ತಾರೆ. ತುಂಬ ಹಗುರ, ತುಂಬ ಬಿಗಿ. ಆದರೆ ಜೋರಾಗಿ ಬಡಿದರೆ ಬಗ್ಗುವ ಬದಲು ಸೀಳಬಹುದು. ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ, ಊರಿನ ಅಂಗಡಿಯಲ್ಲಿ ರಿಪೇರಿಯೂ ಆಗದು.

ಮಕ್ಕಳೇ, ಟೊಳ್ಳಿದ್ದದ್ದು ಹೇಗೆ ಗಟ್ಟಿಯಾದೀತು ಎಂಬ ಅನುಮಾನವೇ? ಒಂದು ಪ್ರಯೋಗ ಮಾಡಿ. ಎರಡು ಲೋಟ ದೂರ ದೂರ ಇಟ್ಟು, ಮೇಲೆ ನೋಟ್‌ಬುಕ್ಕಿನ ಒಂದು ಹಾಳೆ ಅಡ್ಡ ಇಡಿ. ಹಾಳೆಯ ಮೇಲೆ ಒಂದು ಪೆನ್ನು ಇಟ್ಟರೆ ಬಗ್ಗಿ ಬೀಳುತ್ತದೆ. ಅದೇ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಚಿಗೆ ಅಂಟು ಹಚ್ಚಿ ಲೋಟಗಳ ಮೇಲಿಡಿ. ಈಗ ಅದಕ್ಕೆ ಪೆನ್ನು ಸಿಕ್ಕಿಸಿ ನೋಡಿ. ಹಾಳೆ ಅದೇ, ಆಕಾರ ಬದಲಾಯಿತು, ಬಲ ಬಂತು. ಡಬಲ್ ವಾಲ್ ರಿಮ್ಮಿನ ಗುಟ್ಟು ಇಷ್ಟೇ.

ಎಣಿಸಿ ನೋಡಿ, ಓದಿ ನೋಡಿ

ಮೊಮ್ಮಗನ ಕಣ್ಣು ಬಿದ್ದದ್ದು ಗೋಡೆಗೆ ತೂಗುಹಾಕಿದ್ದ ಕೆಂಪು ಬಣ್ಣದ ರಿಮ್ಮಿನ ಮೇಲೆ. "ಅದೇ ಬೇಕು" ಎಂದ. ಅಂಗಡಿಯವನು ನಕ್ಕು, "ತಮ್ಮಾ, ನಿನ್ನ ಹಬ್ಬಿನ್ಯಾಗ ಎಷ್ಟ ತೂತ ಅದಾವು, ಎಣಿಸು" ಎಂದ. ಎಣಿಸಿದರೆ 36. ಕೆಂಪು ರಿಮ್ಮಿಗೆ 32. ಹಬ್ಬಿನ ತೂತು, ರಿಮ್ಮಿನ ತೂತು ಒಂದೇ ಇರಬೇಕು. ಇಲ್ಲದಿದ್ದರೆ ಹಬ್ಬನ್ನೂ ಬದಲಿಸಬೇಕು, ಖರ್ಚು ಎರಡು ಪಟ್ಟು.

ಗುಡ್ಡದ ಸೈಕಲ್ಲುಗಳಲ್ಲಿ 28, 32, 36 ಕಡ್ಡಿಗಳ ಗಾಲಿ ಕಾಣುತ್ತವೆ. ಕಡ್ಡಿ ಹೆಚ್ಚಿದ್ದರೆ ಭಾರ ಹಂಚಿಹೋಗುತ್ತದೆ. ಒಂದು ಮುರಿದರೂ ಉಳಿದವು ಮನೆಯವರೆಗೆ ಮುಟ್ಟಿಸುತ್ತವೆ. ಹಳೆಯ ಕಪ್ಪು ಸೈಕಲ್ಲು ಮನೆಯಲ್ಲಿದ್ದ ಅಜ್ಜಂದಿರೇ, ಒಮ್ಮೆ ಎಣಿಸಿ. ಅವುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. ಕೂತವರ ಭಾರ, ಕ್ಯಾರಿಯರಿನ ಮೂಟೆ ಎಲ್ಲವೂ ಹಿಂದಿನ ಗಾಲಿಯ ಮೇಲೆ ಎಂಬುದನ್ನು ಮಾಡಿದವರು ಬಲ್ಲವರಾಗಿದ್ದರು.

ಅಳತೆಯ ಮಾತೂ ಇದೆ. ಟೈರಿನ ಪಕ್ಕದಲ್ಲಿ 50-559 ಎಂಬಂಥ ಅಂಕಿ ಉಬ್ಬಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಗುಡ್ಡದ ಸೈಕಲ್ಲುಗಳಲ್ಲಿ 26 ಇಂಚು ಎಂದರೆ 559, 27.5 ಎಂದರೆ 584, 29 ಎಂದರೆ 622. ಇಂಚಿನ ಲೆಕ್ಕ ಮೋಸ ಹೋಗಬಹುದು, ಮಿಲಿಮೀಟರಿನ ಲೆಕ್ಕ ಹೋಗುವುದಿಲ್ಲ. ಎರಡನೆಯ ಅಂಕಿಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ.

ಬ್ರೇಕ್ ಯಾವುದು ಎಂಬುದೂ ಮುಖ್ಯ. ರಬ್ಬರ್ ರಿಮ್ಮನ್ನೇ ಹಿಡಿಯುವ ಬ್ರೇಕ್ ಇದ್ದರೆ ರಿಮ್ಮಿನ ಎರಡೂ ಪಕ್ಕ ಸಮತಟ್ಟಾದ ಪಟ್ಟಿ ಬೇಕು. ಡಿಸ್ಕ್ ಬ್ರೇಕಿಗೆಂದೇ ಮಾಡಿದ ರಿಮ್ಮಿನಲ್ಲಿ ಅದು ಇರುವುದಿಲ್ಲ. ಅಂಥದ್ದನ್ನು ಈ ಸೈಕಲ್ಲಿಗೆ ಹಾಕಬಾರದು.

ಏಕತಾರಿಯ ನಾದ

ಕೊನೆಗೆ ಆರಿಸಿದ್ದು 36 ತೂತಿನ, 559ರ ಡಬಲ್ ವಾಲ್ ರಿಮ್. ಬಣ್ಣ ಬರೀ ಕಪ್ಪು. ಮೊಮ್ಮಗನ ಮುಖ ತುಸು ಸಣ್ಣದಾಯಿತು. ಹೊಸ ರಿಮ್ ಎತ್ತರವಿದ್ದುದರಿಂದ ಹಳೆಯ ಕಡ್ಡಿಗಳ ಉದ್ದ ಹೊಂದಲಿಲ್ಲ. ಅಂಗಡಿಯವನು ಅಳೆದು ಹೊಸವನ್ನೇ ಹಾಕಿದ. ಒಳಗಿನ ತೂತುಗಳ ಅಂಚು ಟ್ಯೂಬನ್ನು ಕೊರೆಯದಂತೆ ಸುತ್ತಲೂ ಗಟ್ಟಿ ಪಟ್ಟಿ ಸುತ್ತಿದ.

ಆಮೇಲೆ ನಿಜವಾದ ಕೆಲಸ. ಗಾಲಿ ತಿರುಗಿಸುತ್ತ ಒಂದೊಂದೇ ನಿಪ್ಪಲ್ಲನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿಯುತ್ತ ಬಂದ. ರಿಮ್ ಬಲಕ್ಕೆ ವಾಲಿದರೆ ಆ ಜಾಗದ ಎಡಗಡೆಯ ಕಡ್ಡಿ ಬಿಗಿ, ಬಲಗಡೆಯದು ತುಸು ಸಡಿಲು. ಕಡೆಗೆ ಕಡ್ಡಿಗಳನ್ನು ಬೆರಳಿಂದ ಮೀಟಿದ. ಟಿಂಗ್, ಟಿಂಗ್, ಟಿಂಗ್. ಭಜನೆಯ ಏಕತಾರಿ ನೆನಪಾಯಿತು.

"ಒಂದs ಕಡೆ ಕಡ್ಡಿ ಎಲ್ಲಾ ಹೆಚ್ಚೂ ಕಡಿಮಿ ಒಂದs ಸೂರ ಹಿಡೀಬೇಕು. ಟಿಂಗ್ ಅನ್ನೂ ಬದಲಿ ಟಪ್ ಅಂದ್ರ ಅದು ಸಡ್ಲ ಆಗೇತಿ ಅಂತ ತಿಳಿ" ಎಂದ. ಗೇರಿರುವ ಹಿಂದಿನ ಗಾಲಿಯಲ್ಲಿ ಗೇರಿನ ಕಡೆಯ ಕಡ್ಡಿಗಳು ಹೆಚ್ಚು ಬಿಗಿ, ಆ ಕಡೆಯ ಸ್ವರವೂ ಮೇಲು. ಹೊಸ ಗಾಲಿಯ ಕಡ್ಡಿಗಳು ಕೆಲವು ದಿನದಲ್ಲಿ ಕುದುರಿಕೊಂಡು ಸಡಿಲಾಗುವುದುಂಟು. ಎರಡು ಮೂರು ವಾರದ ಮೇಲೆ ಮತ್ತೆ ತಂದು ತೋರಿಸಲು ಹೇಳಿದ.

ದುಡ್ಡು ಕೊಡುವಾಗ ನನಗೆ ಅನ್ನಿಸಿದ್ದು ಇಷ್ಟೇ. ಎಷ್ಟೇ ದುಬಾರಿ ರಿಮ್ ತಂದರೂ ಕಡ್ಡಿ ಸಡಿಲವಿದ್ದರೆ ಅದು ಬಾಳದು. ಹದವಾಗಿ ಬಿಗಿದ ಸಾಧಾರಣ ರಿಮ್ ವರ್ಷಗಟ್ಟಲೆ ಬಾಳುತ್ತದೆ.

ಮೊನ್ನೆ ಸಂಜೆ ಮೊಮ್ಮಗ ಅಂಗಳದಲ್ಲಿ ಕೂತು ಕಡ್ಡಿ ಮೀಟುತ್ತಿದ್ದ. ಥಟ್ಟನೆ ನಿಲ್ಲಿಸಿ ಕೂಗಿದ. "ಅಜ್ಜಾ, ಇಲ್ಲೊಂದು ಟಪ್ ಅನ್ನಾಕತ್ತೇತಿ. ನಾಳೆ ಅಂಗಡಿಗೆ ಹೋಗೂಣೇನು?"

ಈ ಸಲ ನಾನು ಕೇಳುವ ಮೊದಲೇ ಹೇಳಿದ್ದ.

ಪ್ರತಿ ಭಾನುವಾರ ಐದು ನಿಮಿಷ

• ಸೈಕಲ್ ಎತ್ತಿ ಗಾಲಿ ತಿರುಗಿಸಿ. ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಿನ ಅಂತರ ಒಂದೇ ಸಮ ಇದೆಯೇ ನೋಡಿ.

• ಕಡ್ಡಿಗಳನ್ನು ಮೀಟಿ ಕೇಳಿ. ಸಡಿಲವಿದ್ದರೆ ಅಂಗಡಿಗೆ ಒಯ್ಯಿರಿ. ಗೊತ್ತಿಲ್ಲದೆ ನೀವೇ ತಿರುವಬೇಡಿ.

• ಟೈರಿನ ಪಕ್ಕದಲ್ಲಿ ಬರೆದಷ್ಟೇ ಹವಾ ಇರಲಿ. ಹವಾ ಕಡಿಮೆಯಿದ್ದರೆ ಕಲ್ಲಿನ ಪೆಟ್ಟು ನೇರ ರಿಮ್ಮಿಗೆ. ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬಿದ್ದರೆ ಅದೇ ಗುರುತು.

• ಎರಿ ಮಣ್ಣಿನ ಕೆಸರು ಅಂಟಿದರೆ ರಿಮ್ ಮತ್ತು ಬ್ರೇಕ್ ರಬ್ಬರ್ ತೊಳೆಯಿರಿ. ಅದರಲ್ಲಿನ ಉಸುಕು ರಿಮ್ಮನ್ನು ಉಜ್ಜಿ ಸವೆಸುತ್ತದೆ.

• ಕೆಲವು ರಿಮ್ಮುಗಳ ಪಕ್ಕದಲ್ಲಿ ಸವೆತ ತೋರಿಸುವ ಸಣ್ಣ ಗೀರು ಅಥವಾ ಚುಕ್ಕೆ ಇರುತ್ತದೆ. ಅದು ಮಾಯವಾದರೆ ರಿಮ್ ಬದಲಿಸುವ ಕಾಲ ಬಂತು.

• ಏನೇ ಆದರೂ ಬ್ರೇಕ್ ಬಿಚ್ಚಿ ಸೈಕಲ್ ಓಡಿಸಬೇಡಿ. ಮನೆಯಲ್ಲಿ ಹೇಳಿ.

• ಅಜ್ಜ-ಅಜ್ಜಿಯರೇ, ಮಕ್ಕಳು ಹೇಳಿದಾಗ ಮೊದಲು ಬೈಯಬೇಡಿ. ಮೊದಲು ಗಾಲಿ ನೋಡಿ.