ಟ್ರ್ಯಾಕ್ಟರ್ ಇಂಜಿನ್ ಸೀಜ್ ಆದರೆ: ರಿಪೇರಿ ಮಾಡಿಸೋದಾ, ಬೇರೆ ಇಂಜಿನ್ ಹಾಕಿಸೋದಾ?

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಸಿರುಗುಪ್ಪ, ಕುರುಗೋಡು ಕಡೆ ಟ್ರ್ಯಾಕ್ಟರ್‌ಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ಕೇಜ್‌ವ್ಹೀಲ್ ಹಾಕಿ ಗಂಟೆಗಟ್ಟಲೆ ಕೆಸರಿನಲ್ಲಿ ಓಡಿಸುವ ಆ ದಿನಗಳಲ್ಲೇ ಹಳೇ ಇಂಜಿನ್‌ಗಳು ಕೈಕೊಡುವುದು. ನಾನು ಓದಿದ್ದು ತೋಟಗಾರಿಕೆ, ಮಾಡುವುದು ಸಾವಯವ ಕೃಷಿ, ಮೆಕ್ಯಾನಿಕ್ ಅಲ್ಲ. ಆದರೂ ಬಳ್ಳಾರಿ ಪಾರ್ವತಿನಗರದ ಮನೆಯಲ್ಲಿ ಕೂತಾಗ ಬರುವ ಫೋನ್‌ಗಳಲ್ಲಿ ಜೀವಾಮೃತದ ಜೊತೆ ಇದೂ ಇರುತ್ತದೆ: "ಅಣ್ಣಾ, ಇಂಜಿನ್ ಸೀಜ್ ಆಗೈತಿ. ಬೋರ್ ಮಾಡಿಸೋದಾ? ಗುಜರಿಯಾಗ ಒಂದು ಇಂಜಿನ್ ಐತಂತೆ, ಅದನ್ನ ಇಡಿಸೋದಾ?"

ಫೋನಿನಲ್ಲಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಬರೀ ಹೊಗೆ ನೋಡಿ ಮೆಕ್ಯಾನಿಕ್ ಕೂಡ ಹೇಳೋಕಾಗಲ್ಲ. ಇಂಜಿನ್ ಬಿಚ್ಚಬೇಕು, ಬ್ಲಾಕ್ ಮತ್ತು ಕ್ರ್ಯಾಂಕ್ ನೋಡಿ ಅಳೆಯಬೇಕು, ಆಮೇಲೆ ತೀರ್ಮಾನ. ಅದಕ್ಕೇ ಮೊದಲು ಬಿಚ್ಚುವ ಕೂಲಿಯನ್ನು ಮಾತ್ರ ಬೇರೆಯಾಗಿ ಮಾತಾಡಿಕೊಳ್ಳಿ. "ಎಲ್ಲಾ ಸೇರಿ ಇಷ್ಟು" ಎಂದು ಬಿಚ್ಚುವ ಮುಂಚೆಯೇ ಒಪ್ಪಿಕೊಂಡರೆ ಆಮೇಲೆ ಹಿಂದೆ ಬರೋದು ಕಷ್ಟ.

ಹೊರಗಿನ ಲಕ್ಷಣಗಳು ದಾರಿ ತೋರಿಸುತ್ತವೆ, ಅಷ್ಟೇ. ನೀಲಿ ಹೊಗೆ ಬಂದು ಆಯಿಲ್ ಕಡಿಮೆ ಆಗ್ತಿದ್ರೆ ರಿಂಗ್, ಲೈನರ್ ಸವೆದಿರಬಹುದು, ವಾಲ್ವ್ ಗೈಡ್ ಹೋಗಿರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಆಗ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಇದನ್ನು ನೋಡಿ ಇಡೀ ಇಂಜಿನ್ ಹೋಯ್ತು ಅಂತ ಹೆದರುವವರು ಬಹಳ. ಆದರೆ ಎಷ್ಟೋ ಸಲ ಅದು ಹೆಡ್ ಗ್ಯಾಸ್ಕೆಟ್ ಇಲ್ಲವೇ ಲೈನರ್ ಕೆಳಗಿನ ರಬ್ಬರ್ ರಿಂಗಿನ ಕೆಲಸ. ಹೆಡ್ ಸೀಳಿದೆಯೋ ಇಲ್ಲವೋ ಎಂಬುದನ್ನು ಲೇತ್ ಶಾಪ್‌ನಲ್ಲಿ ನೀರಿನಲ್ಲಿ ಮುಳುಗಿಸಿ ಗಾಳಿ ಕೊಟ್ಟು ನೋಡುತ್ತಾರೆ. ಸೀಳಿದ್ದರೂ ಹೆಡ್ ಒಂದನ್ನೇ ಬದಲಿಸಬಹುದು.

ನಮ್ಮ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಇಂಜಿನ್‌ಗಳಿಗೆ ಬಿಚ್ಚಿ ಹಾಕುವ ಲೈನರ್ ಇರುತ್ತದೆ. ಬಾಯಿಮಾತಿಗೆ "ಬೋರ್ ಮಾಡಿಸೋದು" ಅಂತೀವಿ, ನಿಜಕ್ಕೂ ಆಗೋದು ಹಳೇ ಲೈನರ್, ಪಿಸ್ಟನ್, ರಿಂಗ್ ತೆಗೆದು ಹೊಸ ಕಿಟ್ ಕೂರಿಸುವುದು. ಪಿಸ್ಟನ್ ಲೈನರ್‌ಗೆ ಅಂಟಿ ಸೀಜ್ ಆಗಿದ್ದರೆ ನೋಡಲು ಭಯಂಕರ, ರಿಪೇರಿಗೆ ಸುಲಭ.

ಕ್ರ್ಯಾಂಕ್ ಶಾಫ್ಟ್‌ಗೆ ಗೀರು ಬಿದ್ದಿದ್ದರೆ ಗ್ರೈಂಡಿಂಗ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಬಹುದು. ಮೆಕ್ಯಾನಿಕ್‌ಗಳು 10, 20, 30 ಎನ್ನುವುದು ಇದನ್ನೇ. 10 ಅಂದರೆ ಸುಮಾರು 0.25 ಮಿ.ಮೀ. ಹಿಂದೆ ಎರಡು-ಮೂರು ಸಲ ಗ್ರೈಂಡ್ ಆದ ಕ್ರ್ಯಾಂಕ್ ಆದರೆ ಮತ್ತೆ ಉಜ್ಜಿಸಬೇಡಿ, ಹೊಸದು ಹಾಕಿಸಿ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದು ಹೊರಗೆ ಬಂದಿದ್ದರೆ, ಮೇನ್ ಬೇರಿಂಗ್ ಕೂರುವ ಜಾಗ ಸೀಳಿದ್ದರೆ ಆ ಬ್ಲಾಕ್ ಆಸೆ ಬಿಡಿ. ಆ ಜಾಗಕ್ಕೆ ವೆಲ್ಡಿಂಗ್ ಮಾಡಿಕೊಡ್ತೀನಿ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಬ್ಲಾಕ್ ಹೋದಾಗಲೇ ಬೇರೆ ಇಂಜಿನ್ ಮಾತು. ಇಲ್ಲಿ ಕಾರು, ಪಿಕಪ್‌ಗೂ ಟ್ರ್ಯಾಕ್ಟರ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪಿಕಪ್‌ನಲ್ಲಿ ಇಂಜಿನ್ ಚಾಸಿ ಮೇಲೆ ಕೂತಿರುತ್ತದೆ. ಸಾಮಾನ್ಯ ಟ್ರ್ಯಾಕ್ಟರ್‌ಗೆ ಬೇರೆ ಚಾಸಿಯೇ ಇಲ್ಲ, ಇಂಜಿನ್ ಬ್ಲಾಕೇ ಅದರ ಬೆನ್ನುಮೂಳೆ. ಮುಂದಿನ ಆಕ್ಸಲ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಅದಕ್ಕೇ ಬೋಲ್ಟ್ ಆಗಿರುತ್ತವೆ. ಹಾಗಾಗಿ "ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಕೂರಿಸ್ತೀವಿ" ಎನ್ನುವ ಮಾತು ಬೇಡ; ಅದೇ ಮಾಡೆಲ್ಲಿನದೇ ಆಗಬೇಕು. ಗುಜರಿ ಇಂಜಿನ್ ಕೊಳ್ಳುವುದಾದರೆ ಅದು ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ, ಬ್ರೀದರ್ ಪೈಪಿನಲ್ಲಿ ಹೊಗೆ ಉಗುಳುತ್ತಾ ನೋಡಿ. ಓಡಿಸಿ ತೋರಿಸದ ಇಂಜಿನ್ ತಂದರೆ ಅದಕ್ಕೂ ಕಿಟ್ ಹಾಕಿಸಬೇಕಾದೀತು. ಕಂಪನಿಯ ಹೊಸ ಬ್ಲಾಕ್ ಸಿಕ್ಕರೆ, ಒಳಗಿನ ನಿಮ್ಮ ಒಳ್ಳೆಯ ಸಾಮಾನುಗಳನ್ನೇ ಅದಕ್ಕೆ ಹಾಕಿಸಿದರೆ ಎಷ್ಟಾಗುತ್ತೆ ಎಂದೂ ಕೇಳಿ.

ಇಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ ಎಂಬುದು ನೆನಪಿರಲಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಂತೆ, ಅನುಮತಿ ಪಡೆಯದೆ ಇಂಜಿನ್ ಬದಲಿಸಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರಿದವರ ಬಿಲ್, ಆ ಇಂಜಿನ್ನಿನ ಹಳೇ ಕಾಗದ ಇಲ್ಲದಿದ್ದರೆ, ನಂಬರ್ ಉಜ್ಜಿದಂತೆ ಕಂಡರೆ, ಎಷ್ಟು ಅಗ್ಗ ಇದ್ದರೂ ಮುಟ್ಟಬೇಡಿ. ನಂಬರ್ ತಾಳೆಯಾಗದ ಗಾಡಿಗೆ ನಾಳೆ ಇನ್ಶೂರೆನ್ಸ್ ಕೇಳುವುದೂ ಕಷ್ಟ, ಮಾರುವುದೂ ಕಷ್ಟ.

ದುಡ್ಡಿನ ಲೆಕ್ಕಕ್ಕೆ ಬರೋಣ. ರಿಪೇರಿ ಬಿಲ್ಲನ್ನು ಹೊಸ ಟ್ರ್ಯಾಕ್ಟರ್ ಬೆಲೆಗೆ ಹೋಲಿಸಿದರೆ ಯಾವಾಗಲೂ ಸಣ್ಣದಾಗೇ ಕಾಣುತ್ತದೆ. ಕೇಳಬೇಕಾದ್ದು ಬೇರೆ: ಈಗ ನಿಂತಿರುವ ಹಾಗೇ ಮಾರಿದರೆ ಎಷ್ಟು, ಓಡುವ ಸ್ಥಿತಿಯಲ್ಲಿ ಮಾರಿದರೆ ಎಷ್ಟು? ಉದಾಹರಣೆಗೆ ನಿಂತದ್ದಕ್ಕೆ 1.2 ಲಕ್ಷ, ಓಡುವುದಕ್ಕೆ 2.5 ಲಕ್ಷ ಎಂದಿಟ್ಟುಕೊಳ್ಳಿ. ವ್ಯತ್ಯಾಸ 1.3 ಲಕ್ಷ. ಪೂರ್ತಿ ಕೆಲಸಕ್ಕೆ 80 ಸಾವಿರ ಆದರೆ ಮಾರುವುದಾದರೂ ಮಾಡಿಸಿಯೇ ಮಾರಬೇಕು. 1.4 ಲಕ್ಷ ಹೇಳಿದರೆ, ಜೊತೆಗೆ ಗೇರ್‌ಬಾಕ್ಸ್, ಹೈಡ್ರಾಲಿಕ್ ಕೂಡ ಸದ್ದು ಮಾಡ್ತಿದ್ರೆ ಹಾಗೇ ಕೊಟ್ಟುಬಿಡುವುದು ವಾಸಿ.

ಹೊಸದಕ್ಕೆ ಸಾಲ ಮಾಡುವ ಮುಂಚೆ ಡ್ಯಾಮಿನ ಕಡೆಗೂ ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾಟಿ ಮಾಡಿದವರಿಗೆ ನಿದ್ದೆ ಇರಲಿಲ್ಲ. ಎರಡನೇ ಬೆಳೆಗೆ ನೀರು ಗ್ಯಾರಂಟಿ ಇಲ್ಲದ ವರ್ಷ, ಎರಡು ಬೆಳೆಯ ಲೆಕ್ಕದಲ್ಲಿ ಕಂತು ಕಟ್ಟುವ ಸಾಲ ಬೇಡ ಅನ್ನೋದು ನನ್ನ ಅಭಿಪ್ರಾಯ.

ಇಂಜಿನ್ ಯಾಕೆ ಹೋಯ್ತು ಅಂತ ಗೊತ್ತಾಗದೆ ಹೊಸ ಸಾಮಾನು ಹಾಕಿಸಿದರೆ ಅದೂ ಹೋಗುತ್ತದೆ. ನಮ್ಮಲ್ಲಿ ಕಳ್ಳರು ಇಬ್ಬರು: ಧೂಳು, ಬಿಸಿ. ಎರೆ ಹೊಲದ ಧೂಳು, ಅದಿರು ಲಾರಿಗಳು ಓಡುವ ರಸ್ತೆಯ ಧೂಳು ಏರ್ ಕ್ಲೀನರ್ ಪೈಪಿನ ಸಣ್ಣ ಸೀಳಿನಲ್ಲಿ ಒಳಗೆ ಹೋದರೂ ಲೈನರ್‌ಗೆ ಉಪ್ಪುಕಾಗದ ಉಜ್ಜಿದ ಹಾಗೆ. ಕೊಯ್ಲಿನಲ್ಲಿ ರೇಡಿಯೇಟರ್ ಕಿಂಡಿಗೆ ಸೇರಿದ ಭತ್ತದ ಹೊಟ್ಟು ಮುಂದಿನ ನಾಟಿವರೆಗೂ ಅಲ್ಲೇ ಇರುತ್ತದೆ. ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆದು ತೆಗೆಸಿ. ಕಾದ ಇಂಜಿನ್‌ಗೆ ಕಾಲುವೆ ನೀರು ಸುರಿಯುವ ಅಭ್ಯಾಸ ಬಿಡಿ, ಹೆಡ್ ಸೀಳುವುದು ಹಾಗೇ.

ಇನ್ನು ಅವಸರದ ವಿಷಯ. ಇಂಜಿನ್ ಕೆಲಸ ಆದ ಮಾರನೇ ದಿನವೇ ಕೇಜ್‌ವ್ಹೀಲ್ ಹಾಕಿ ಕೆಸರಿಗೆ ಇಳಿಸುವಂತಿಲ್ಲ. ಮೊದಲ 50 ಗಂಟೆ ಟ್ರಾಲಿ, ಹಗುರ ಉಳುಮೆಯಂಥ ಮಧ್ಯಮ ಕೆಲಸ ಕೊಡಿ. ಬರೀ ಐಡಲ್‌ನಲ್ಲಿ ಬಿಟ್ಟರೂ ರಿಂಗ್ ಸರಿಯಾಗಿ ಕೂರುವುದಿಲ್ಲ. 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ. ಹೀಗಿರುವಾಗ ನಾಟಿಗೆ ವಾರ ಉಳಿದಿದೆ ಅಂತ ಮೆಕ್ಯಾನಿಕ್ ಬೆನ್ನು ಹತ್ತಿ ಏನೂ ಉಪಯೋಗವಿಲ್ಲ. ಈ ಸಲಕ್ಕೆ ಪಕ್ಕದವರದ್ದೋ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ್ದೋ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದು ನಾಟಿ ಮುಗಿಸಿ, ನಿಮ್ಮ ಇಂಜಿನ್ ಅಷ್ಟರಲ್ಲಿ ಲೇತ್ ಶಾಪ್‌ನಲ್ಲಿ ನಿಧಾನವಾಗಿ ಅಳತೆ ಆಗಲಿ.