ಒಂದೇ ಸೂಲಿನ ಮರಿಗಳ ಪಿತೃತ್ವ

ಸಂಸ್ಕೃತದಲ್ಲಿ ನಾಯಿಗೆ ಸಾರಮೇಯವೆಂದು ಒಂದು ಹೆಸರುಂಟು. ಸರಮೆಯೆಂಬ ದೇವಶುನಿಯ ಸಂತಾನವೆಂಬುದೇ ಆ ಪದದ ಅರ್ಥ. ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ಸತ್ರದ ಬಳಿ ಪೆಟ್ಟು ತಿಂದ ತನ್ನ ಮರಿಯ ಪರವಾಗಿ ನ್ಯಾಯ ಕೇಳಲು ಬಂದವಳು ಈ ಸರಮೆಯೇ. ಮಗನಿಗೆ ತಂದೆಯ ಹೆಸರನ್ನಿಟ್ಟು ಕರೆಯುವ ರೂಢಿ ಬಲವಾಗಿದ್ದ ನಾಡಿನಲ್ಲಿ ನಾಯಿಯ ಕುಲಕ್ಕೆ ತಾಯಿಯ ಹೆಸರು ನಿಂತುದು ಗಮನಾರ್ಹವಾದ ಸಂಗತಿ. ಅದರ ಕಾರಣ ಏನೇ ಇರಲಿ, ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಆ ಹೆಸರು ಬಹಳ ಒಪ್ಪುವಂತಹುದು. ಏಕೆಂದರೆ ಒಂದು ನಾಯಿ ಒಂದೇ ದಿನ ಈದ ಐದಾರು ಮರಿಗಳಿಗೆ ತಾಯಿ ಒಬ್ಬಳೇ ಎಂಬುದು ನಿಶ್ಚಯ. ತಂದೆ ಒಬ್ಬನೇ ಎಂಬುದು ನಿಶ್ಚಯವಲ್ಲ. ಬೆಕ್ಕಿನ ವಿಷಯದಲ್ಲಿಯೂ ಹೀಗೆಯೇ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರುವ ಈ ಸಂಗತಿಯನ್ನು ನಾವು ಬಹುಪಿತೃತ್ವವೆಂದು ಕರೆಯೋಣ.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಒಂದು ಊರನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಆ ಸೀಮೆಯಲ್ಲಿ ಊರಿನ ಬೀದಿಗಳಲ್ಲಿ ಮನೆಗಳು ಒತ್ತಾಗಿರುವುವು. ಊರಾಚೆ ಹೊಲ ತೋಟಗಳಲ್ಲಿ ಒಂಟಿ ಮನೆಗಳೂ ಗೊಲ್ಲರ ಹಟ್ಟಿಗಳೂ ಇರುವುವು. ಕುರಿಮಂದೆಯ ಹಿಂದೆ ಕಾವಲಿನ ನಾಯಿಗಳು ಬರುವುವು. ಇಂತಹ ಊರಿನಲ್ಲಿ ಒಂದು ಹೆಣ್ಣುನಾಯಿ ಬೆದೆಗೆ ಬಂದಿತೆಂದರೆ ಅದರ ಸುಳಿವು ಗಾಳಿಯಲ್ಲಿಯೇ ಹರಡಿ ಕೇರಿ ಕೇರಿಯ ಗಂಡುನಾಯಿಗಳು ಆ ಮನೆಯ ಮುಂದೆ ಕೂಡುವುವು. ಎರಡು ತಿಂಗಳು ಕಳೆದ ಮೇಲೆ ಮರಿಗಳು ಹುಟ್ಟಿದಾಗ ಒಂದು ಕಪ್ಪು, ಒಂದು ಕೆಂದು, ಒಂದು ಮಚ್ಚೆಯದು. ನೋಡಿದವರು ಎರಡು ಬಗೆಯಾಗಿ ಮಾತನಾಡುವರು. ಬಣ್ಣಕ್ಕೊಬ್ಬ ತಂದೆಯೆಂದು ಕೆಲವರು. ಒಂದು ಬಸಿರಿಗೆ ಒಬ್ಬನೇ ತಂದೆ, ಬಣ್ಣ ದೈವೇಚ್ಛೆಯೆಂದು ಮತ್ತೆ ಕೆಲವರು. ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ಣವಾಗಿ ಸರಿಯಲ್ಲ.

ಮೊದಲು ನಾಯಿಯ ದೇಹಧರ್ಮವನ್ನು ನೋಡೋಣ. ಹೆಣ್ಣುನಾಯಿಯ ಬೆದೆಯು ಸುಮಾರು ಮೂರು ವಾರ ಇರುವುದು. ಮೊದಲ ಎಂಟೊಂಬತ್ತು ದಿನ ರಕ್ತಸ್ರಾವ ಕಂಡುಬಂದರೂ ಅದು ಗಂಡನ್ನು ಹತ್ತಿರ ಸೇರಿಸದು. ಅನಂತರದ ಎಂಟೊಂಬತ್ತು ದಿನ ಸೇರಿಸುವುದು. ಈ ಅವಧಿಯಲ್ಲಿ ಅಂಡಕೋಶದಿಂದ ಹಲವು ಅಂಡಗಳು ಹೆಚ್ಚುಕಡಮೆ ಒಟ್ಟಿಗೇ ಹೊರಬೀಳುವುವು. ಆದರೆ ಬೇರೆ ಅನೇಕ ಪ್ರಾಣಿಗಳಂತಲ್ಲದೆ, ನಾಯಿಯ ಅಂಡವು ಹೊರಬಿದ್ದಾಗ ಇನ್ನೂ ಬಲಿತಿರುವುದಿಲ್ಲ. ಅದು ಅಂಡನಾಳದಲ್ಲಿ ಎರಡು ಮೂರು ದಿನ ಬಲಿತು, ಮತ್ತೆ ಎರಡು ಮೂರು ದಿನ ಫಲಿಸಲು ಯೋಗ್ಯವಾಗಿ ಉಳಿಯುವುದು. ಗಂಡಿನ ರೇತಾಣುಗಳಾದರೋ ಹೆಣ್ಣಿನ ದೇಹದಲ್ಲಿ ಐದರಿಂದ ಏಳು ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಜೀವಿಸಬಲ್ಲುವು. ಆದುದರಿಂದ ಸೋಮವಾರ ಕೂಡಿದ ಗಂಡಿನ ರೇತಾಣುಗಳೂ ಗುರುವಾರ ಕೂಡಿದ ಇನ್ನೊಂದು ಗಂಡಿನ ರೇತಾಣುಗಳೂ ಒಂದೇ ಕಾಲದಲ್ಲಿ ಅಂಡಗಳ ಹಾದಿಯನ್ನು ಕಾಯುತ್ತಿರುವುದು ಸಾಧ್ಯ. ಒಂದು ಅಂಡವನ್ನು ಒಂದು ರೇತಾಣು ಮಾತ್ರ ಫಲಿಸುವುದು. ಆರು ಅಂಡಗಳಲ್ಲಿ ನಾಲ್ಕು ಒಂದು ಗಂಡಿನಿಂದಲೂ ಎರಡು ಮತ್ತೊಂದರಿಂದಲೂ ಫಲಿಸಿದರೆ ಸೂಲು ಮಿಶ್ರವಾಗುವುದು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಿಶ್ರವಾಗುವುದು ಸೂಲೇ ಹೊರತು ಮರಿಯಲ್ಲ. ಯಾವೊಂದು ಮರಿಗೂ ಇಬ್ಬರು ತಂದೆಗಳಿರುವುದಿಲ್ಲ.

ಬೆಕ್ಕಿನ ರೀತಿ ಬೇರೆ. ಹೆಣ್ಣುಬೆಕ್ಕಿನಲ್ಲಿ ಅಂಡವು ಸಾಮಾನ್ಯವಾಗಿ ಗಂಡಿನ ಸಂಗವಾಗದೆ ಹೊರಬೀಳುವುದಿಲ್ಲ. ಸಂಗದಿಂದ ಮಿದುಳಿಗೆ ಪ್ರೇರಣೆ ಮುಟ್ಟಿ, ಅಲ್ಲಿಂದ ಹುಟ್ಟಿದ ರಸವು ರಕ್ತದ ಮೂಲಕ ಅಂಡಕೋಶವನ್ನು ಎಚ್ಚರಿಸಿ, ಒಂದೆರಡು ದಿನಗಳಲ್ಲಿ ಅಂಡಗಳು ಬಿಡುಗಡೆಯಾಗುವುವು. ಈ ಪ್ರೇರಣೆ ಸಾಕಷ್ಟಾಗಬೇಕಾದರೆ ಅನೇಕ ವೇಳೆ ಒಂದು ಸಂಗ ಸಾಲದು. ಆದುದರಿಂದ ಬೆದೆಯ ಬೆಕ್ಕು ಒಂದು ದಿನದಲ್ಲಿಯೇ ಹಲವು ಬಾರಿ ಕೂಡುವುದು; ಸಮೀಪದಲ್ಲಿ ಹಲವು ಗಂಡುಗಳಿದ್ದರೆ ಹಲವರೊಡನೆ ಕೂಡುವುದು. ರಾತ್ರಿಯ ಹೊತ್ತು ಹಂಚಿನ ಮೇಲೆ ನಡೆಯುವ ಗಲಭೆಯ ಅರ್ಥ ಇದೇ.

ಸಮೀಪದಲ್ಲಿ ಎಷ್ಟು ಗಂಡುಗಳಿವೆಯೆಂಬುದರ ಮೇಲೆ ಫಲವು ಎಷ್ಟು ಬದಲಾಗುವುದೆಂಬುದನ್ನು ಫ್ರಾನ್ಸ್ ದೇಶದ ವಿದ್ವಾಂಸರು ಅಳೆದು ನೋಡಿರುವರು. 1999ರಲ್ಲಿ ಪ್ರಕಟವಾದ ಅವರ ಶೋಧನೆಯಂತೆ, ಬೆಕ್ಕುಗಳು ದಟ್ಟವಾಗಿದ್ದ ನಗರದಲ್ಲಿ ನೂರಕ್ಕೆ 70ರಿಂದ 83ರಷ್ಟು ಸೂಲುಗಳು ಬಹುಪಿತೃತ್ವದವು. ಬೆಕ್ಕುಗಳು ವಿರಳವಾಗಿದ್ದ ಹಳ್ಳಿಗಾಡಿನಲ್ಲಿ 22ಕ್ಕೆ ಮೀರಲಿಲ್ಲ, ಕೆಲವು ವರ್ಷ ಒಂದೂ ಇರಲಿಲ್ಲ. ಹಳ್ಳಿಯಲ್ಲಿ ಬಲವಾದ ಒಂದು ಗಂಡು ತನ್ನ ಪ್ರತಿಸ್ಪರ್ಧಿಗಳನ್ನು ಓಡಿಸಬಲ್ಲುದು. ನಗರದ ಸಂದಣಿಯಲ್ಲಿ ಅದು ಸಾಧ್ಯವಿಲ್ಲ. ಇದೇ ನ್ಯಾಯವನ್ನು ನಮ್ಮ ಸೀಮೆಗೆ ಅನ್ವಯಿಸಿದರೆ, ಊರ ನಡುವಿನ ಬೀದಿಯಲ್ಲಿ ಹುಟ್ಟಿದ ಬೆಕ್ಕಿನ ಮರಿಗಳಲ್ಲಿ ಬಹುಪಿತೃತ್ವವನ್ನು ಹೆಚ್ಚಾಗಿ ನಿರೀಕ್ಷಿಸಬೇಕು, ಊರಾಚೆಯ ಒಂಟಿ ತೋಟದ ಮನೆಯಲ್ಲಿ ಕಡಮೆಯಾಗಿ. ಬೆಂಗಳೂರು ಮೈಸೂರುಗಳ ಓಣಿಗಳ ಮಾತನ್ನು ಹೇಳಬೇಕಾದುದೇ ಇಲ್ಲ.

ಹಾಗಾದರೆ ಬಣ್ಣವನ್ನು ನೋಡಿ ತಂದೆಗಳನ್ನು ಎಣಿಸಬಹುದೇ? ಬಹುಮಟ್ಟಿಗೆ ಆಗದು. ಮೆಂಡೆಲನು 1866ರಲ್ಲಿ ಪ್ರಕಟಿಸಿ, 1900ರಲ್ಲಿ ಲೋಕವು ಮತ್ತೆ ಕಂಡುಕೊಂಡ ಅನುವಂಶಿಕತೆಯ ನಿಯಮಗಳಂತೆ, ತಂದೆತಾಯಿಗಳ ಮೈಮೇಲೆ ಕಾಣದ ಗುಣಗಳು ಅವುಗಳೊಳಗೆ ಅಡಗಿದ್ದು ಮರಿಗಳಲ್ಲಿ ತಲೆಯೆತ್ತಬಹುದು. ನಗರದಲ್ಲಿ ಅನೇಕರು ಸಾಕುವ ಲ್ಯಾಬ್ರಡಾರ್ ನಾಯಿಯನ್ನೇ ನೋಡಿ. ಕಪ್ಪು ತಂದೆಗೂ ಕಪ್ಪು ತಾಯಿಗೂ ಹಳದಿ ಮರಿ ಹುಟ್ಟಿದರೆ ಆಶ್ಚರ್ಯಪಡಬೇಕಾಗಿಲ್ಲ; ಇಬ್ಬರಲ್ಲಿಯೂ ಹಳದಿಯ ಬೀಜ ಅಡಗಿತ್ತೆಂದು ತಿಳಿದರೆ ಸಾಕು. ಆದರೆ ಹಳದಿ ತಂದೆಗೂ ಹಳದಿ ತಾಯಿಗೂ ಕಪ್ಪು ಮರಿ ಹುಟ್ಟಿದರೆ, ಬೇಲಿ ಹಾರಿ ಬಂದ ಇನ್ನೊಂದು ಗಂಡನ್ನು ಹುಡುಕಬೇಕಾಗುವುದು. ಏಕೆಂದರೆ ಹಳದಿಯಲ್ಲಿ ಕಪ್ಪು ಅಡಗಿರಲಾರದು.

ಬೆಕ್ಕಿನಲ್ಲಿ ಇದಕ್ಕಿಂತಲೂ ಸ್ವಾರಸ್ಯವಾದ ಒಂದು ಸಾಕ್ಷ್ಯವಿದೆ. ಅದನ್ನು ಯಾರು ಬೇಕಾದರೂ ಮನೆಯಲ್ಲಿ ಪರೀಕ್ಷಿಸಬಹುದು. ಬೆಕ್ಕಿನ ಕೆಂಚುಬಣ್ಣದ ಬೀಜವು ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಅದು ನಿಖರವಾಗಿ ಎಲ್ಲಿದೆಯೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜಪಾನಿನ ಕ್ಯೂಷೂ ವಿಶ್ವವಿದ್ಯಾಲಯಗಳ ಶೋಧಕರು 2025ರಲ್ಲಿ ಪ್ರಕಟಿಸಿದರು. ಹೆಣ್ಣಿಗೆ ಈ ತಂತು ಎರಡು, ಗಂಡಿಗೆ ಒಂದೇ. ಗಂಡುಮರಿಗೆ ಅದು ತಾಯಿಯಿಂದ ಮಾತ್ರ ಬರುವುದು. ಹೆಣ್ಣುಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು. ತಂದೆಯಲ್ಲಿರುವುದೇ ಒಂದಾದುದರಿಂದ ತನ್ನ ಎಲ್ಲ ಹೆಣ್ಣುಮಕ್ಕಳಿಗೂ ಅವನು ಅದನ್ನೇ ಕೊಡಬೇಕು. ಹೆಣ್ಣಿನಲ್ಲಿ ಎರಡು ತಂತುಗಳ ಪೈಕಿ ಒಂದು ಕೆಂಚಿನದೂ ಇನ್ನೊಂದು ಕೆಂಚಲ್ಲದ್ದೂ ಆದರೆ ಕಪ್ಪು ಕೆಂಪು ಬೆರೆತ ಮೈಬಣ್ಣ ಉಂಟಾಗುವುದು. ಅಂತಹ ಬೆಕ್ಕುಗಳು ಬಹುತೇಕ ಹೆಣ್ಣೇ ಆಗಿರುವುದರ ಕಾರಣವೂ ಇದೇ.

ಈಗ ಲೆಕ್ಕ ಮಾಡೋಣ. ಕೆಂಪಿನ ಲವಲೇಶವೂ ಇಲ್ಲದ ಒಂದು ಕರಿಬೆಕ್ಕು ಮರಿ ಹಾಕಿದೆ. ಅದರ ಹೆಣ್ಣುಮರಿಗಳಲ್ಲಿ ಒಂದು ಅಪ್ಪಟ ಕಪ್ಪು, ಇನ್ನೊಂದು ಕಪ್ಪು ಕೆಂಪು ಬೆರೆತದ್ದು. ಎರಡನೆಯದಕ್ಕೆ ಕೆಂಪು ಬಂದುದು ತಂದೆಯಿಂದಲೇ. ಆದುದರಿಂದ ಅದರ ತಂದೆ ಕೆಂಚ. ಆ ಕೆಂಚನೇ ಮೊದಲನೆಯ ಮರಿಗೂ ತಂದೆಯಾಗಿದ್ದರೆ ಅದರಲ್ಲಿಯೂ ಕೆಂಪು ಬೆರೆತಿರಬೇಕಾಗಿತ್ತು. ಬೆರೆತಿಲ್ಲ. ಮರಿಯ ಮೈಯನ್ನೆಲ್ಲ ಚೆನ್ನಾಗಿ ಹುಡುಕಿ ಕೆಂಪು ಕೂದಲಿಲ್ಲವೆಂದು ಖಚಿತಪಡಿಸಿಕೊಂಡರೆ, ತಂದೆಗಳು ಇಬ್ಬರೆಂದು ಧೈರ್ಯವಾಗಿ ಹೇಳಬಹುದು. ಇದಕ್ಕೆ ಪ್ರತಿಯಾಗಿ, ತಾಯಿಯೇ ಕಪ್ಪು ಕೆಂಪು ಬೆರೆತದ್ದಾದರೆ, ಒಂದೇ ಕಪ್ಪು ಗಂಡಿನಿಂದ ಅದು ಕಪ್ಪು, ಕೆಂಚು, ಬೆರಕೆ ಎಂಬ ಮೂರು ಬಗೆಯ ಮರಿಗಳನ್ನೂ ಹಡೆಯಬಲ್ಲುದು. ಅಲ್ಲಿ ಬಣ್ಣಕ್ಕೊಬ್ಬ ತಂದೆಯೆಂದು ಎಣಿಸಿದರೆ ಲೆಕ್ಕ ಪೂರ್ತಿ ತಪ್ಪುವುದು.

ಗಾತ್ರವೂ ಸಾಕ್ಷ್ಯವಲ್ಲ. ಮರಿಗಳಲ್ಲಿ ಒಂದು ಬಹಳ ಚಿಕ್ಕದಾಗಿದ್ದರೆ ಅದು ತಡವಾಗಿ ಕೂಡಿದ ಗಂಡಿನದೆಂದು ಹೇಳುವುದುಂಟು. ಅಂಡಗಳು ಬಿಡುಗಡೆಯಾಗುವುದೂ ಬಲಿಯುವುದೂ ಹೆಚ್ಚುಕಡಮೆ ಒಟ್ಟಿಗೇ ಆದುದರಿಂದ ಮರಿಗಳ ವಯಸ್ಸಿನಲ್ಲಿ ಅಂತಹ ಅಂತರ ಬೀಳುವುದಿಲ್ಲ. ಗರ್ಭದಲ್ಲಿ ದೊರೆತ ಸ್ಥಳ ಮತ್ತು ಪೋಷಣೆಯ ವ್ಯತ್ಯಾಸದಿಂದ ಒಂದೇ ತಂದೆಯ ಮರಿಗಳೂ ಚಿಕ್ಕವು ದೊಡ್ಡವು ಆಗುವುವು.

ಕುತೂಹಲಕ್ಕೆ ಮಾತ್ರ ಸೇರಿದ ವಿಷಯ ಇದೆಂದು ಯಾರಾದರೂ ಭಾವಿಸಿದರೆ, ಅವರ ದೃಷ್ಟಿಯನ್ನು ಮುಧೋಳದ ಕಡೆಗೆ ತಿರುಗಿಸಲು ಬಯಸುವೆವು. ನೀಳವಾದ ಮುಖ, ಆಳವಾದ ಎದೆ, ಒಳಸೇದಿದ ಹೊಟ್ಟೆ, ಉದ್ದವಾದ ಕಾಲುಗಳುಳ್ಳ ಮುಧೋಳದ ಬೇಟೆನಾಯಿ ಕನ್ನಡನಾಡಿನ ಹೆಮ್ಮೆ. ಆ ಸಂಸ್ಥಾನವನ್ನಾಳಿದ ಘೋರ್ಪಡೆ ಮನೆತನದವರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು; 2016ರಲ್ಲಿ ಅದರ ಮರಿಗಳು ಶಿಕ್ಷಣಕ್ಕಾಗಿ ಮೀರತ್ತಿನ ಸೇನಾ ಕೇಂದ್ರವನ್ನು ಸೇರಿದುವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಣ ಹಳ್ಳಿಗಳ ಅನೇಕ ಕುಟುಂಬಗಳಿಗೆ ಈ ನಾಯಿಯ ಸಾಕಣೆ ಜೀವನೋಪಾಯವೂ ಆಗಿದೆ. ಇಂತಹ ಸಾಕಣೆಗಾರನು ಒಳ್ಳೆಯ ಗಂಡನ್ನು ಹುಡುಕಿ ಕೂಡಿಸಿ, ಕೆಲಸ ಮುಗಿಯಿತೆಂದು ಮರುದಿನ ಹೆಣ್ಣುನಾಯಿಯನ್ನು ಬಿಟ್ಟನೆಂದರೆ ಅಪಾಯ ಅಲ್ಲಿಯೇ. ಬೆದೆ ಇನ್ನೂ ಮುಗಿದಿಲ್ಲ. ಅಂಡಗಳು ಇನ್ನೂ ಬಲಿತಿಲ್ಲದಿರಬಹುದು. ಬೀದಿಯ ನಾಯಿ ಬಾಗಿಲಲ್ಲಿಯೇ ಇದೆ. ಕೂಡಿಸುವುದಕ್ಕೆ ಮುಂಚೆ ಎಷ್ಟು ಎಚ್ಚರಿಕೆ ಬೇಕೋ ಅನಂತರವೂ ಬೆದೆ ಪೂರ್ಣವಾಗಿ ಇಳಿಯುವವರೆಗೆ ಅಷ್ಟೇ ಎಚ್ಚರಿಕೆ ಬೇಕು.

ಒಂದು ವೇಳೆ ತಪ್ಪು ನಡೆದೇ ಹೋದರೆ? ಇಲ್ಲಿ ಒಂದು ಹಳೆಯ ನಂಬಿಕೆ ಬಹಳ ಅನ್ಯಾಯವನ್ನು ಮಾಡಿದೆ. ಒಮ್ಮೆ ಕೀಳುತಳಿಯ ಗಂಡಿನೊಡನೆ ಕೂಡಿದ ಹೆಣ್ಣು ಎಂದೆಂದಿಗೂ ಕೆಟ್ಟಿತು, ಮುಂದಿನ ಸೂಲುಗಳಲ್ಲಿಯೂ ಆ ಗಂಡಿನ ಛಾಯೆ ಬೀಳುವುದೆಂಬುದೇ ಆ ನಂಬಿಕೆ. ಯೂರೋಪಿನಲ್ಲಿ ಅದಕ್ಕೆ ಟೆಲಿಗೊನಿಯೆಂದು ಹೆಸರು. ಕ್ವಾಗ್ಗ ಎಂಬ ಪಟ್ಟೆಯ ಕಾಡುಮೃಗದೊಡನೆ ಕೂಡಿದ್ದ ಕುದುರೆಯೊಂದು ಅನಂತರ ಅರಬ್ಬೀ ಕುದುರೆಯಿಂದ ಪಡೆದ ಮರಿಗಳಲ್ಲಿಯೂ ಪಟ್ಟೆಗಳಿದ್ದುವೆಂದು ಮಾರ್ಟನ್ ಪ್ರಭು 1820ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಡಾರ್ವಿನನಂತಹ ಮಹಾಮತಿಯೂ ಅದನ್ನು ನಂಬಿದನು. ಅನಂತರ 1890ರ ದಶಕದಲ್ಲಿ ಎಡಿನ್‌ಬರೋ ಸಮೀಪದ ಪೆನಿಕ್ಯುಕ್ಕಿನಲ್ಲಿ ಕಾಸರ್ ಯೂವರ್ಟ್ ಎಂಬ ವಿದ್ವಾಂಸನು ಹೆಣ್ಣುಕುದುರೆಗಳನ್ನು ಮೊದಲು ಜೀಬ್ರಾದೊಡನೆಯೂ ಆಮೇಲೆ ಗಂಡುಕುದುರೆಗಳೊಡನೆಯೂ ಕೂಡಿಸಿ ಪರೀಕ್ಷಿಸಿದನು. ಹಿಂದಿನ ಗಂಡಿನ ಪ್ರಭಾವಕ್ಕೆ ಆಧಾರ ದೊರೆಯಲಿಲ್ಲ. ಕಾಲಿನ ಮೇಲೆ ಮಸುಕಾದ ಪಟ್ಟೆಗಳು ಶುದ್ಧ ಕುದುರೆಯ ಮರಿಗಳಲ್ಲಿಯೂ ಬರುವುದುಂಟು. ಹೆಣ್ಣುನಾಯಿಯು ಈ ಸಲದ ಸೂಲಿನಲ್ಲಿ ಬೆರಕೆಮರಿಗಳನ್ನು ಹಾಕಿದ್ದರೂ ಮುಂದಿನ ಸೂಲಿಗೆ ಅದು ಮೊದಲಿನಷ್ಟೇ ಶುದ್ಧ. ಅದನ್ನು ಹೊಡೆದಟ್ಟುವುದಕ್ಕಾಗಲಿ ಮಾರಿಬಿಡುವುದಕ್ಕಾಗಲಿ ಶಾಸ್ತ್ರದಲ್ಲಿ ಕಾರಣವಿಲ್ಲ.

ಈ ಸಲದ ಮರಿಗಳನ್ನು ಕುರಿತು ಸಹ ಇದೇ ಮಾತು. ಒಂದು ಮರಿ ಬೆರಕೆಯಾಯಿತೆಂದು ಎಲ್ಲವೂ ಬೆರಕೆಯಾಗುವುದಿಲ್ಲ. ಒಂದು ಶುದ್ಧವಾಯಿತೆಂದು ಎಲ್ಲವೂ ಶುದ್ಧವಾಗುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದ ಡಿಎನ್‌ಎ ಗುರುತಿನ ವಿಧಾನದಿಂದ ಬೆಳೆದ ಪರೀಕ್ಷೆಗಳು ಈಗ ಪ್ರತಿಯೊಂದು ಮರಿಯ ತಂದೆಯನ್ನೂ ಬೇರೆಯಾಗಿ ಹೇಳಬಲ್ಲುವು. ಕೆನ್ನೆಯ ಒಳಗಿನಿಂದ ಒರಸಿ ತೆಗೆದ ದ್ರವ್ಯವೇ ಅದಕ್ಕೆ ಸಾಕು. ಆದರೆ ಒಂದು ಮರಿಯನ್ನು ಪರೀಕ್ಷಿಸಿ ಸೂಲಿಗೆಲ್ಲ ಪ್ರಮಾಣಪತ್ರ ಬರೆಯುವುದು ಸಲ್ಲದು. ಅಮೆರಿಕದ ಕೆನೆಲ್ ಕ್ಲಬ್ಬು ಬಹುಪಿತೃತ್ವದ ಸೂಲನ್ನು ದಾಖಲೆ ಮಾಡಿಕೊಳ್ಳಬೇಕಾದರೆ ತಾಯಿ, ತಂದೆಗಳು ಮತ್ತು ಎಲ್ಲ ಮರಿಗಳ ಪರೀಕ್ಷೆಯನ್ನು ಕೇಳುವುದು. ಶುದ್ಧ ತಳಿಯ ಮರಿಯೆಂದು ಹಣ ಕೊಟ್ಟು ಕೊಳ್ಳುವ ನಗರವಾಸಿಗಳು ಕೇಳಬೇಕಾದುದೂ ಇದನ್ನೇ: ಪರೀಕ್ಷೆ ಸೂಲಿನದೋ, ಈ ಮರಿಯದೋ?

ಕೊನೆಯದಾಗಿ ಬೀದಿಗಳ ವಿಚಾರ. ನಾಯಿಗಳ ಸಂಖ್ಯೆಯನ್ನು ತಗ್ಗಿಸಲು ಗಂಡುನಾಯಿಗಳಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿದರೆ ಸಾಲದೇ ಎಂದು ಕೇಳುವವರುಂಟು. ಮೇಲೆ ಹೇಳಿದುದನ್ನು ನೆನೆದರೆ ಉತ್ತರ ತಾನಾಗಿಯೇ ಹೊಳೆಯುವುದು. ಹತ್ತು ಗಂಡುಗಳಲ್ಲಿ ಒಂಬತ್ತನ್ನು ನಿವಾರಿಸಿದರೂ ಉಳಿದ ಒಂದೇ ಎಲ್ಲ ಸೂಲುಗಳಿಗೂ ತಂದೆಯಾಗಬಲ್ಲುದು. ತಂದೆಗಳ ಸಂಖ್ಯೆ ತಗ್ಗೀತು, ಮರಿಗಳ ಸಂಖ್ಯೆ ತಗ್ಗದು. ಒಂದು ಹೆಣ್ಣಿಗೆ ಚಿಕಿತ್ಸೆ ಮಾಡಿದರೆ ಅದರ ಎಲ್ಲ ಸೂಲುಗಳೂ ನಿಲ್ಲುವುವು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಈ ಕೆಲಸವನ್ನೂ ಹುಚ್ಚುನಾಯಿರೋಗದ ಚುಚ್ಚುಮದ್ದನ್ನೂ ಒಟ್ಟಿಗೆ ನಡೆಸುವ ಹೊಣೆ ಸ್ಥಳೀಯ ಸಂಸ್ಥೆಗಳದು. ಮನೆಯಲ್ಲಿ ಸಾಕಿದ ಹೆಣ್ಣುನಾಯಿ, ಹೆಣ್ಣುಬೆಕ್ಕುಗಳ ಹೊಣೆ ಸಾಕಿದವರದು.

ಬಣ್ಣಬಣ್ಣದ ಮರಿಗಳನ್ನು ಕಂಡು ಮುಖ ಸಿಂಡರಿಸಿ, ರಾತ್ರಿಯ ಹೊತ್ತು ಗೋಣಿಚೀಲದಲ್ಲಿ ತುಂಬಿ ಹೆದ್ದಾರಿಯ ಬದಿಯಲ್ಲಿ ಬಿಟ್ಟುಬರುವ ಕ್ರೂರವಾದ ರೂಢಿ ನಮ್ಮಲ್ಲಿ ಇನ್ನೂ ಉಂಟು. ಆ ಮರಿಗಳು ಮಾಡಿದ ತಪ್ಪೇನೂ ಇಲ್ಲ. ಅವುಗಳ ತಾಯಿ ಮಾಡಿದುದು ತನ್ನ ಜಾತಿಯ ಧರ್ಮವನ್ನು. ಬೆದೆಯ ಮೂರು ವಾರ ಬಾಗಿಲನ್ನು ಮುಚ್ಚದಿದ್ದವರು ಮನುಷ್ಯರು. ಅವರು ಆ ಮರಿಗಳಿಗೆ ಎರಡು ತಿಂಗಳು ತಾಯಿಯ ಮೊಲೆಯನ್ನೂ, ಆಮೇಲೆ ಚುಚ್ಚುಮದ್ದನ್ನೂ, ಒಂದೊಂದಕ್ಕೆ ಒಂದೊಂದು ಮನೆಯನ್ನೂ ಒದಗಿಸಿದರೆ ಸಾಕು. ಕಾವಲಿಗೆ ಬೆರಕೆನಾಯಿ ಕಡಮೆಯದಲ್ಲ, ಇಲಿ ಹಿಡಿಯಲು ಬೆಕ್ಕಿಗೆ ವಂಶಾವಳಿ ಬೇಕಾಗಿಲ್ಲ.